ಗೋವಾದಲ್ಲಿ ಅಪ್ಪನ ಫ್ಲ್ಯಾಟ್, ಮನೆಯಲ್ಲಿ ತಕರಾರಿಲ್ಲ: ಕಾಗದ ಮಾಡಿಸುವುದು ಹೇಗೆ?

ವಾಸ್ಕೋ, ಮಡಗಾಂವ್, ಮಾಪುಸಾ ಕಡೆಯ ನಮ್ಮ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಅಪ್ಪ ತೀರಿಕೊಂಡಿದ್ದಾರೆ, ಫ್ಲ್ಯಾಟ್ ಅವರ ಹೆಸರಲ್ಲಿದೆ, ಅಣ್ಣತಮ್ಮ ಅಕ್ಕತಂಗಿ ಎಲ್ಲರೂ ಒಂದೇ ಮಾತಿನಲ್ಲಿದ್ದೇವೆ, ಆದರೂ ಕೋರ್ಟಿಗೆ ಹೋಗಲೇಬೇಕಾ? ಅದರ ಹಿಂದೆಯೇ ಇನ್ನೊಂದು: ಊರಿನ ನಾಡಕಚೇರಿಯಿಂದ ವಂಶಾವಳಿ ತಂದಿದ್ದೇವೆ, ಇಲ್ಲಿ ಯಾಕೆ ಒಪ್ಪುತ್ತಿಲ್ಲ?

ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ವಾರಸುದಾರರೆಲ್ಲ 18 ದಾಟಿದವರಾಗಿದ್ದು, ಎಲ್ಲರೂ ಒಪ್ಪಿದ್ದರೆ ಸಾಮಾನ್ಯವಾಗಿ ಕೋರ್ಟ್ ಬೇಡ, ತಾಲ್ಲೂಕಿನ ಸ್ಪೆಷಲ್ ನೋಟರಿ (ಸರ್ಕಾರಿ ನೋಂದಣಿ ಅಧಿಕಾರಿ, ಹಂತ 4ರಲ್ಲಿ ವಿವರ ಇದೆ) ಕಚೇರಿಯಲ್ಲೇ ಕೆಲಸ ಮುಗಿಯುತ್ತದೆ. ಆದರೆ ‘ಎಲ್ಲರೂ’ ಅಂದರೆ ಯಾರು ಯಾರು ಅನ್ನುವುದು ಇಲ್ಲಿ ಊರಿನ ಲೆಕ್ಕಕ್ಕಿಂತ ಬೇರೆ. ಅಳಿಯನ ಸಹಿ, ಸೊಸೆಯ ಸಹಿ ಕೂಡ ಕೇಳುತ್ತಾರೆ. ನಮ್ಮವರ ಕಾಗದ ಹೆಚ್ಚಾಗಿ ನಿಲ್ಲುವುದೇ ಅಲ್ಲಿ. ತಕರಾರಿಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು, ಅದು ಎಲ್ಲರ ಸಹಿಯೊಂದಿಗೆ ಕಾಗದದ ಮೇಲೆ ಬರಬೇಕು.

ಹಿನ್ನೆಲೆ ಎರಡೇ ಮಾತಲ್ಲಿ. ಗೋವಾದ ವಾರಸು ಕಾನೂನು ಪೋರ್ಚುಗೀಸರ 1867ರ ಸಿವಿಲ್ ಕೋಡ್‌ನಿಂದ ಬಂದದ್ದು. 1961ರ ಡಿಸೆಂಬರ್ 19ರಂದು ಅವರ ಆಡಳಿತ ಮುಗಿದರೂ ಈ ಕಾನೂನು ಉಳಿಯಿತು. ಹಿಂದೂ, ಕ್ರಿಶ್ಚಿಯನ್, ಮುಸ್ಲಿಂ ಯಾರೇ ಆಗಲಿ, ಪಾಲಿನ ಲೆಕ್ಕ ಒಂದೇ. ಆ ಕೋಡ್‌ನ ವಾರಸು, ನೋಟರಿ, ಪಾಲುಪಟ್ಟಿ ಭಾಗಗಳನ್ನು ಒಟ್ಟು ಮಾಡಿ ಗೋವಾ ಸರ್ಕಾರ ಇಂಗ್ಲಿಷ್‌ನಲ್ಲಿ ಒಂದು ಕಾಯ್ದೆ ತಂದಿತು: ಗೋವಾ ಸಕ್ಸೆಶನ್, ಸ್ಪೆಷಲ್ ನೋಟರೀಸ್ ಆಂಡ್ ಇನ್ವೆಂಟರಿ ಪ್ರೊಸೀಡಿಂಗ್ ಆಕ್ಟ್, 2012. ಹೆಸರಲ್ಲಿ 2012 ಇದ್ದರೂ ಜಾರಿಗೆ ಬಂದದ್ದು 2016ರಲ್ಲಿ. ಈಗ ಕಾಗದವೆಲ್ಲ ಇಂಗ್ಲಿಷ್‌ನಲ್ಲೇ ಆಗುತ್ತದೆ. ಆದರೆ ಹಳೆಯ ವಕೀಲರ ಬಾಯಲ್ಲಿ, ಹಳೆಯ ಪತ್ರಗಳಲ್ಲಿ ಪೋರ್ಚುಗೀಸ್ ಪದಗಳು ಇನ್ನೂ ಓಡಾಡುತ್ತವೆ. ಅವು ಬಂದಾಗ ಬಂದಾಗ ಬಿಡಿಸಿ ಹೇಳುತ್ತೇನೆ.

ಹಂತ 1: ಅಪ್ಪ ‘ಗೋವಾದವರು’ ಎಂದು ಲೆಕ್ಕವೇ? ಮೊದಲು ಇದನ್ನು ಕೇಳಿ

ವಕೀಲರ ಹತ್ತಿರ ಹೋದಾಗ ಮೊದಲ ಪ್ರಶ್ನೆ ಇದೇ ಇರಲಿ. ಕಾನೂನಿನ ಭಾಷೆಯಲ್ಲಿ ಇದಕ್ಕೆ ಡೊಮಿಸೈಲ್ ಅನ್ನುತ್ತಾರೆ, ಅಂದರೆ ಕಾಯಂ ನೆಲೆ. ಕೆಲಸಕ್ಕೆ ಬಂದು ಇದ್ದವರೋ, ಇಲ್ಲೇ ನೆಲೆ ನಿಂತವರೋ ಅನ್ನುವುದು. ಗೋವಾದ ರೇಷನ್ ಕಾರ್ಡ್ ಇದ್ದ ಮಾತ್ರಕ್ಕೆ ಇದು ತೀರ್ಮಾನವಾಗುವುದಿಲ್ಲ. ಎಲ್ಲಿ ಹುಟ್ಟಿದರು, ಯಾವಾಗ ಬಂದರು, ಮದುವೆ ಎಲ್ಲಿ ಆಯಿತು, ಎಲ್ಲಿ ನೋಂದಾಯಿಸಿದರು, ಊರಿನ ಮನೆಗೆ ಮರಳುವ ವಿಚಾರ ಇತ್ತೇ, ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಹಾಗಾಗಿ ಇವೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೇ ಹೋಗಿ.

ಇದು ಯಾಕೆ ಮುಖ್ಯ ಅಂದರೆ, 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಗೋವಾ ನೆಲೆಯವರ ಆಸ್ತಿ ಭಾರತದಲ್ಲಿ ಎಲ್ಲೇ ಇರಲಿ, ವಾರಸು ಹಕ್ಕು ಗೋವಾ ಕಾನೂನಿನ ಪ್ರಕಾರವೇ ಎಂದು. ಆ ಕೇಸಿನಲ್ಲಿದ್ದದ್ದು ಮುಂಬೈ ಆಸ್ತಿ. ನಿಮ್ಮ ಅಪ್ಪನ ಹೆಸರಲ್ಲಿ ಗದಗದಲ್ಲೋ ಬಾಗಲಕೋಟೆಯಲ್ಲೋ ಹೊಲವಿದ್ದರೆ ಅದನ್ನು ಈಗಲೇ ವಕೀಲರಿಗೆ ಹೇಳಿ. ಊರಲ್ಲಿ ಪೌತಿ ಖಾತೆ ಮಾಡಿಸಿದ್ದಾಯಿತು, ಇಲ್ಲಿ ಫ್ಲ್ಯಾಟ್ ಮಾತ್ರ ಬಾಕಿ ಎಂದು ಎರಡನ್ನೂ ಬೇರೆ ಬೇರೆ ನೋಡಬೇಡಿ.

ಮುಂದೆ ಹೇಳುವುದೆಲ್ಲ ಗೋವಾ ಕಾನೂನು ನಿಮಗೆ ಅನ್ವಯಿಸುತ್ತದೆ ಎಂದು ಖಚಿತವಾದ ಮೇಲಿನ ಮಾತು.

ಹಂತ 2: ಯಾರಿಗೆ ಎಷ್ಟು, ಮನೆಯಲ್ಲೇ ಕೂತು ಲೆಕ್ಕ ಹಾಕಿ

ಇದನ್ನು ಬಿಟ್ಟು ನೇರವಾಗಿ ಕಚೇರಿಗೆ ಓಡುವವರೇ ಜಾಸ್ತಿ. ಆಮೇಲೆ ಅಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಗೋವಾದಲ್ಲಿ ಮದುವೆಗೆ ಮುಂಚೆ ಬೇರೆ ಒಪ್ಪಂದ ಮಾಡಿಕೊಂಡಿರದಿದ್ದರೆ, ಗಂಡ ಹೆಂಡತಿಯ ಆಸ್ತಿ ಎರಡೂ ಸೇರಿ ಒಂದೇ ರಾಶಿ. ಇಬ್ಬರಿಗೂ ಅರ್ಧ ಅರ್ಧ. ಒಬ್ಬರು ತೀರಿಕೊಂಡರೆ ಇನ್ನೊಬ್ಬರ ಅರ್ಧ ಅವರದ್ದೇ, ಅದು ವಾರಸಾಗಿ ಬಂದದ್ದಲ್ಲ. ಇಂಗ್ಲಿಷ್ ಕಾಗದದಲ್ಲಿ ಇದಕ್ಕೆ ‘ಮೊಯಟಿ’ ಎಂದಿರುತ್ತದೆ. ಅಮ್ಮನ ಹೆಸರಿನ ಮುಂದೆ ಮೊಯಟಿ ಹೋಲ್ಡರ್ ಎಂದು ಬರೆದಿದ್ದರೆ ಗಾಬರಿ ಆಗಬೇಡಿ, ಅರ್ಧದ ಒಡತಿ ಅಂತಷ್ಟೇ.

ಫ್ಲ್ಯಾಟಿನ ಬೆಲೆ 60 ಲಕ್ಷ, ಅಮ್ಮ ಇದ್ದಾರೆ, ಮೂರು ಮಕ್ಕಳು ಎಂದುಕೊಳ್ಳಿ. ಅಮ್ಮನದು 30 ಲಕ್ಷ. ಅಪ್ಪನ ಪಾಲಿನ 30 ಲಕ್ಷ ಮಕ್ಕಳಿಗೆ ಸಮವಾಗಿ, ತಲಾ 10. ಮಗಳಿಗೂ ಅಷ್ಟೇ, ಮಗನಿಗೂ ಅಷ್ಟೇ. ಮಕ್ಕಳಿರುವಾಗ ಅಪ್ಪನ ಅರ್ಧದಲ್ಲಿ ಅಮ್ಮನಿಗೆ ಮತ್ತೆ ಪಾಲಿಲ್ಲ. ಇದೇ ಫ್ಲ್ಯಾಟ್ ಹುಬ್ಬಳ್ಳಿಯಲ್ಲಿದ್ದು, ಅಪ್ಪ ಹಿಂದೂ ಆಗಿದ್ದು, ಅವರ ಸ್ವಂತ ಗಳಿಕೆಯಾಗಿದ್ದು, ವಿಲ್ ಬರೆಯದೆ ಹೋಗಿದ್ದರೆ ಅಮ್ಮ, ಮಕ್ಕಳು ನಾಲ್ವರಿಗೂ ತಲಾ 15 ಆಗುತ್ತಿತ್ತು. ವ್ಯತ್ಯಾಸ ಕಂಡಿತಲ್ವಾ? ಊರಿನ ಲೆಕ್ಕ ತಲೆಯಲ್ಲಿಟ್ಟುಕೊಂಡು ಇಲ್ಲಿ ಮಾತಾಡಿದರೆ ಇಲ್ಲದ ತಕರಾರು ಹುಟ್ಟುತ್ತದೆ.

ವಿಲ್ ಇದ್ದರೆ? ಗೋವಾದಲ್ಲಿ ಅಪ್ಪ ತನ್ನ ಪಾಲಿನ ಪೂರ್ತಿಯನ್ನು ಇಷ್ಟ ಬಂದವರಿಗೆ ಬರೆಯುವ ಹಾಗಿಲ್ಲ. ಅರ್ಧವನ್ನು ಮಕ್ಕಳಿಗೆ ಬಿಡಲೇಬೇಕು. ಪೋರ್ಚುಗೀಸ್‌ನಲ್ಲಿ ಅದಕ್ಕೆ ಲೆಜಿತಿಮಾ ಅನ್ನುತ್ತಾರೆ. ಮೇಲಿನ ಉದಾಹರಣೆಯಲ್ಲಿ ಅಪ್ಪ ವಿಲ್‌ನಲ್ಲಿ ಸ್ವಂತ ಇಚ್ಛೆಯಂತೆ ಕೊಡಬಹುದಾದದ್ದು 15 ಲಕ್ಷ ಮಾತ್ರ. ‘ಫ್ಲ್ಯಾಟ್ ಪೂರ್ತಿ ದೊಡ್ಡ ಮಗನಿಗೆ’ ಎಂದು ಬಿಳಿ ಹಾಳೆಯಲ್ಲಿ ಬರೆದಿಟ್ಟಿದ್ದರೆ ಅದನ್ನೇ ನಂಬಿ ಕೂರಬೇಡಿ.

ಮಗಳ ಮದುವೆಗೆ ಬಂಗಾರ ಹಾಕಿದ್ದೇವೆ, ಅವಳ ಪಾಲು ಮುಗಿಯಿತು ಅನ್ನುವವರು ಇನ್ನೂ ಇದ್ದಾರೆ. ಮುಗಿಯುವುದಿಲ್ಲ. ಅಪ್ಪ ಬದುಕಿದ್ದಾಗ ಮಕ್ಕಳಿಗೆ ಕೊಟ್ಟ ಉಡುಗೊರೆಗಳನ್ನು ಪಾಲಿನ ಲೆಕ್ಕಕ್ಕೆ ಸೇರಿಸುವ ಪದ್ಧತಿ ಈ ಕಾನೂನಿನಲ್ಲಿದೆ, ಕೊಲೇಶನ್ ಅಂತ ಅದರ ಹೆಸರು. ಆದರೆ ಅದು ಮಗನಿಗೆ ಅಂಗಡಿ ಹಾಕಿಕೊಟ್ಟದ್ದಕ್ಕೂ ಅನ್ವಯಿಸುತ್ತದೆ, ನೆನಪಿರಲಿ!

ಹಂತ 3: ಕಾಗದ ಕೂಡಿಸಿ, ಹೆಸರು ಹೊಂದಿಸಿ

ಬೇಕಾಗುವುದು ಮುಖ್ಯವಾಗಿ ಇಷ್ಟು: ತೀರಿಕೊಂಡವರ ಮರಣ ಪ್ರಮಾಣಪತ್ರ, ಅವರ ಮದುವೆ ಪ್ರಮಾಣಪತ್ರ, ಪ್ರತಿ ಮಗುವಿನ ಜನನ ಪ್ರಮಾಣಪತ್ರ, ಮದುವೆಯಾದ ಮಕ್ಕಳ ಮದುವೆ ಪ್ರಮಾಣಪತ್ರ, ಎಲ್ಲರ ಆಧಾರ್ ಮತ್ತು ಪ್ಯಾನ್, ವಿಲ್ ಇದ್ದರೆ ಅದು. ಮಕ್ಕಳಲ್ಲಿ ಯಾರಾದರೂ ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದರೆ ಅವರ ಮರಣ ಪ್ರಮಾಣಪತ್ರ, ಅವರ ಮಕ್ಕಳ ಜನನ ಪ್ರಮಾಣಪತ್ರ. ಆಸ್ತಿಯ ಕಾಗದವನ್ನೂ ಜೊತೆಗಿಟ್ಟುಕೊಳ್ಳಿ.

ಕಷ್ಟ ಇರುವುದು ಪಟ್ಟಿಯಲ್ಲಲ್ಲ, ಹೆಸರುಗಳಲ್ಲಿ. ಊರಿನ ಶಾಲೆಯ ದಾಖಲೆಯಲ್ಲಿ ಬಸಪ್ಪ, ಫ್ಲ್ಯಾಟ್ ಖರೀದಿ ಪತ್ರದಲ್ಲಿ ಬಸವರಾಜ, ಮುಂದೆ ಅಪ್ಪನ ಹೆಸರು, ಅದರ ಮುಂದೆ ಅಡ್ಡಹೆಸರು. ಆಧಾರ್‌ನಲ್ಲಿ ಎರಡು ಇನಿಶಿಯಲ್ ಮಾತ್ರ. ಮರಣ ಪ್ರಮಾಣಪತ್ರದಲ್ಲಿ ಆಸ್ಪತ್ರೆಯವರು ಕೇಳಿಸಿಕೊಂಡಂತೆ ಬಸವರಾಜು. ನಮಗೆ ಇವರೆಲ್ಲ ಒಬ್ಬರೇ. ಕಚೇರಿಯ ಟೇಬಲ್ಲಿನ ಆಚೆ ಕೂತವರಿಗೆ ಇವರು ಮೂರು ನಾಲ್ಕು ಜನ. ಹಾಗಾಗಿ ಎಲ್ಲ ಕಾಗದ ಒಂದೇ ಸಾಲಿನಲ್ಲಿ ಹಾಸಿಟ್ಟು ಹೆಸರಿನ ಅಕ್ಷರ ಅಕ್ಷರ ಹೋಲಿಸಿ. ತಿದ್ದಿಸಬಹುದಾದದ್ದನ್ನು ತಿದ್ದಿಸಿ. ತಿದ್ದಿಸಲು ಆಗದ್ದಕ್ಕೆ ಏನು ಒಪ್ಪುತ್ತಾರೆ, ಅಫಿಡವಿಟ್ ಸಾಕಾ, ಪತ್ರದಲ್ಲೇ ‘ಹೀಗೂ ಕರೆಯಲ್ಪಡುವ’ ಎಂದು ಸೇರಿಸುತ್ತಾರಾ ಎಂದು ಮುಂಚೆಯೇ ಕೇಳಿ.

ಹಳ್ಳಿಯಲ್ಲಿ ಹುಟ್ಟಿದ ಹಿರಿಯ ಮಕ್ಕಳ ಜನನವೇ ನೋಂದಣಿ ಆಗಿರುವುದಿಲ್ಲ. ಹುಟ್ಟಿ ಒಂದು ವರ್ಷ ದಾಟಿದ ಮೇಲೆ ನೋಂದಾಯಿಸಲು ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಅದು ಹುಟ್ಟಿದ ಊರಿನ ಕಡೆಯೇ ಆಗಬೇಕಾದ ಕೆಲಸ. ಸಮಯ ತಿನ್ನುವುದು ಇದೇ. ಉಳಿದದ್ದೆಲ್ಲ ಕೈಗೆ ಬರುವ ತನಕ ಕಾಯದೆ ಇದನ್ನು ಮೊದಲೇ ಶುರು ಮಾಡಿ.

ಗೋವಾದಲ್ಲೇ ಹುಟ್ಟಿದವರಿಗೆ ಒಂದು ಮಾತು: ಇಲ್ಲಿನ ನೋಂದಣಿ ಪುಸ್ತಕದ ಬರಹವನ್ನು ಪೂರ್ತಿ ಇಳಿಸಿ ಕೊಡುವ ಪ್ರತಿಗೆ ‘ತೆಯೋರ್’ ಅನ್ನುತ್ತಾರೆ. ಯಾರಾದರೂ ತೆಯೋರ್ ತನ್ನಿ ಅಂದರೆ ಮಾಮೂಲಿ ಪ್ರಮಾಣಪತ್ರವಲ್ಲ, ಆ ಪೂರ್ತಿ ಪ್ರತಿ ತರಬೇಕು.

ಹಂತ 4: ಸ್ಪೆಷಲ್ ನೋಟರಿ ಮುಂದೆ ವಾರಸು ಪತ್ರ

ಇಲ್ಲೊಂದು ದೊಡ್ಡ ಗುಂಡಿ ಇದೆ. ಕೋರ್ಟಿನ ಹೊರಗೆ ಕಪ್ಪು ಕೋಟು ಹಾಕಿಕೊಂಡು ಸೀಲು ಒತ್ತಿಕೊಡುವ ನೋಟರಿ ಬೇರೆ, ಸ್ಪೆಷಲ್ ನೋಟರಿ ಬೇರೆ. ಗೋವಾದಲ್ಲಿ ತಾಲ್ಲೂಕಿನ ಸಿವಿಲ್ ರಿಜಿಸ್ಟ್ರಾರ್ ಕಮ್ ಸಬ್‌ರಿಜಿಸ್ಟ್ರಾರ್ ಅಧಿಕಾರಿಯೇ ಸ್ಪೆಷಲ್ ನೋಟರಿ. ವಾಸ್ಕೋದವರಿಗೆ ಮುರಗಾಂವ್ ತಾಲ್ಲೂಕಿನ ಕಚೇರಿ, ಮಡಗಾಂವ್‌ನವರಿಗೆ ಸಾಲ್ಸೆಟ್, ಮಾಪುಸಾದವರಿಗೆ ಬಾರ್ದೇಜ್, ಪಣಜಿಯವರಿಗೆ ತಿಸ್ವಾಡಿ. ಸ್ಟ್ಯಾಂಪ್ ಪೇಪರ್ ಮೇಲೆ ಸಾದಾ ನೋಟರಿಯ ಹತ್ತಿರ ‘ನಾವೇ ವಾರಸುದಾರರು’ ಎಂದು ಅಫಿಡವಿಟ್ ಮಾಡಿಸಿದರೆ ಅದು ವಾರಸು ಪತ್ರ ಆಗುವುದಿಲ್ಲ. ಊರಿನ ವಂಶಾವಳಿಯೂ ಅಷ್ಟೇ. ಸಂಬಂಧ ತೋರಿಸಲು ಪೂರಕವಾಗಿ ಇಟ್ಟುಕೊಳ್ಳಿ, ಅದನ್ನೇ ನಂಬಬೇಡಿ.

ಪತ್ರದ ಹೆಸರು ಇಂಗ್ಲಿಷ್‌ನಲ್ಲಿ ಡೀಡ್ ಆಫ್ ಸಕ್ಸೆಶನ್, ಅಥವಾ ಕ್ವಾಲಿಫಿಕೇಶನ್ ಆಫ್ ಏರ್ಸ್. ಪೋರ್ಚುಗೀಸ್‌ನಲ್ಲಿ ಅಬಿಲಿತಸಾಂವ್. ಮೂರೂ ಒಂದೇ. ಇಂಥವರು ಇಂಥ ದಿನ ತೀರಿಕೊಂಡರು, ಅರ್ಧದ ಒಡತಿ ಇವರು, ವಾರಸುದಾರರು ಇವರಿವರು, ಇವರನ್ನು ಬಿಟ್ಟು ಬೇರೆ ಯಾರೂ ಇಲ್ಲ ಎನ್ನುವ ಘೋಷಣೆ. ಸಾಮಾನ್ಯವಾಗಿ ಇದನ್ನು ಹೇಳುವವರು ಮನೆಯವರಲ್ಲ. ನಂಬಿಕೆಗೆ ಅರ್ಹರಾದ ಮೂರು ಜನ ಹೊರಗಿನವರು ಬಂದು ನೋಟರಿ ಮುಂದೆ ಹೇಳಿ ಸಹಿ ಹಾಕುತ್ತಾರೆ. ಅಪ್ಪನ ಜೊತೆ ಕೆಲಸ ಮಾಡಿದವರು, ಅದೇ ಕಟ್ಟಡದ ಹಳೆಯ ನೆರೆಯವರು ಒಳ್ಳೆಯದು. ಮನೆಯಲ್ಲಿ ಎಷ್ಟು ಮಕ್ಕಳು, ಯಾರಿಗೆ ಎಲ್ಲಿ ಮದುವೆ ಎಂದು ಕೇಳಿದರೆ ತಡವರಿಸದೆ ಹೇಳುವಂಥವರನ್ನು ಕರೆದುಕೊಂಡು ಹೋಗಿ. ಗೆಳೆಯನ ಗೆಳೆಯ ಎಂದು ಸುಮ್ನೆ ಯಾರನ್ನೋ ನಿಲ್ಲಿಸಬೇಡಿ. ತಪ್ಪು ಹೇಳಿಕೆ ಕೊಟ್ಟರೆ ತೊಂದರೆ ಅವರಿಗೂ ಬರುತ್ತದೆ.

ಯಾವ ವಾರಸುದಾರರನ್ನೂ ಬಿಡಬೇಡಿ. ಮನೆ ಬಿಟ್ಟು ಹೋದ ತಮ್ಮ, ಇಷ್ಟಪಟ್ಟು ಮದುವೆಯಾಗಿ ಮಾತು ಬಿಟ್ಟ ಅಕ್ಕ, ಅಪ್ಪನ ಮೊದಲ ಹೆಂಡತಿಯ ಮಗ, ಎಲ್ಲರೂ ಬರಬೇಕು. ಒಬ್ಬರನ್ನು ಮುಚ್ಚಿಟ್ಟು ಮಾಡಿದ ಪತ್ರ ಹತ್ತು ವರ್ಷದ ಮೇಲೆ ಫ್ಲ್ಯಾಟ್ ಕೊಂಡವರ ತಲೆಯ ಮೇಲೂ ಬೀಳುತ್ತದೆ.

ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರೆ ಒಂದೇ ಪತ್ರದಲ್ಲಿ ಎರಡನ್ನೂ ಸೇರಿಸುವುದು ವಾಡಿಕೆ. ಕರಡು ತಯಾರಾದ ಮೇಲೆ ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ, ಹೆಬ್ಬೆಟ್ಟು ಒತ್ತುವವರಾಗಿದ್ದರಂತೂ, ಪ್ರತಿ ಸಾಲು ಕನ್ನಡದಲ್ಲಿ ಓದಿ ಹೇಳಿ. ಕನ್ನಡದಲ್ಲಿ ವಿವರಿಸಲಾಗಿದೆ ಎಂದು ದಾಖಲಿಸುವಂತೆಯೂ ಕೇಳಿ.

ಪತ್ರವಾದ ಮೇಲೆ ಅದರ ಸಾರಾಂಶ ಪ್ರಕಟವಾಗುತ್ತದೆ. ಗೋವಾದ ಪತ್ರಿಕೆಗಳಲ್ಲಿ, ಸರ್ಕಾರಿ ಗೆಜೆಟ್‌ನ ಮೂರನೇ ಸರಣಿಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ವಾರಸು ಪ್ರಕಟಣೆಗಳು ಇವೇ. ಹಳೆಯವುಗಳಲ್ಲಿ ‘1951ರ ಆಗಸ್ಟ್ 6ರ ಕಾನೂನು ಸಂಖ್ಯೆ 2049’ ಎಂದು ಕಾಣುತ್ತದೆ, ಅದು ಪೋರ್ಚುಗೀಸರ ಕಾಲದ ನೋಂದಣಿ ಕಾನೂನು. ಪ್ರಕಟಣೆಯ ಪುಟ ಕತ್ತರಿಸಿ ಇಟ್ಟುಕೊಳ್ಳಿ. ಪತ್ರದ ದೃಢೀಕೃತ ನಕಲು ಒಂದಲ್ಲ, ಮೂರು ನಾಲ್ಕು ತೆಗೆದುಕೊಳ್ಳಿ. ಸೊಸೈಟಿ, ಬ್ಯಾಂಕ್, ಮಾಮಲೇದಾರ (ನಮ್ಮ ತಹಶೀಲ್ದಾರರಂಥವರು) ಎಲ್ಲರೂ ಕೇಳುತ್ತಾರೆ.

ಹಂತ 5: ಒಬ್ಬರ ಹೆಸರಿಗೆ ಮಾಡಬೇಕಿದ್ದರೆ

ವಾರಸು ಪತ್ರ ವಾರಸುದಾರರು ಯಾರು ಅಂತಷ್ಟೇ ಹೇಳುತ್ತದೆ, ಪಾಲು ಮಾಡುವುದಿಲ್ಲ. ಎಲ್ಲರೂ ಸೇರಿ ಮಾರುವುದಾದರೆ ಅಷ್ಟು ಸಾಕು, ಎಲ್ಲರೂ ಮಾರಾಟ ಪತ್ರಕ್ಕೆ ಸಹಿ ಹಾಕಿದರಾಯಿತು. ಆದರೆ ಹೆಚ್ಚಿನ ಮನೆಗಳಲ್ಲಿ ಫ್ಲ್ಯಾಟ್ ಅಮ್ಮನಿಗೋ ತಮ್ಮನಿಗೋ ಇರಲಿ ಎಂದಿರುತ್ತದೆ.

ಊರಲ್ಲಾದರೆ ಅಕ್ಕ ತಂಗಿಯರು ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಸೀರೆ ಉಟ್ಟುಕೊಂಡು, ಊಟ ಮಾಡಿ ಹೋಗುತ್ತಾರೆ. ಇಲ್ಲಿ ಅಷ್ಟು ಸಲೀಸಲ್ಲ. ಗೋವಾ ಕಾನೂನಿನಲ್ಲಿ ವಾರಸು ಹಕ್ಕು ಬಿಡುವುದಾದರೆ ಪೂರ್ತಿ ಬಿಡಬೇಕು, ಷರತ್ತಿಲ್ಲದೆ ಬಿಡಬೇಕು. ಅರ್ಧ ಬಿಡುತ್ತೇನೆ, ಹೊಲದ್ದು ಇಟ್ಟುಕೊಂಡು ಫ್ಲ್ಯಾಟಿನದ್ದು ಬಿಡುತ್ತೇನೆ ಅನ್ನುವ ಹಾಗಿಲ್ಲ. ಬಿಟ್ಟ ಪಾಲು ಉಳಿದ ಎಲ್ಲ ವಾರಸುದಾರರಿಗೂ ಹಂಚಿ ಹೋಗುತ್ತದೆ. ‘ತಮ್ಮನಿಗೆ ಮಾತ್ರ’ ಅಂದರೆ ಅದು ಹಕ್ಕು ಬಿಡುವುದಲ್ಲ, ದಾನವೋ ಮಾರಾಟವೋ ಆಗುತ್ತದೆ. ಪತ್ರ ಬೇರೆ, ಸ್ಟ್ಯಾಂಪ್ ಲೆಕ್ಕ ಬೇರೆ. ಯಾವುದು ನಿಮಗೆ ಸರಿ ಎಂದು ಸಹಿಗೆ ಮುಂಚೆ ಕೇಳಿ.

ಮೊದಲೇ ಹೇಳಿದ ಅಳಿಯ, ಸೊಸೆ ಇಲ್ಲಿ ಬರುತ್ತಾರೆ. ಗಂಡ ಹೆಂಡತಿಯದು ಒಂದೇ ರಾಶಿಯಾದ್ದರಿಂದ ಮಗಳಿಗೆ ತವರಿನಿಂದ ಬಂದ ಪಾಲಿನಲ್ಲಿ ಅಳಿಯನ ಮಾತೂ ಇದೆ. ಅವನ ಒಪ್ಪಿಗೆ ಇಲ್ಲದೆ ಅವಳು ಬಿಡುವಂತಿಲ್ಲ, ಮಾರುವಂತಿಲ್ಲ. ಮಗನ ವಿಷಯದಲ್ಲಿ ಸೊಸೆಯದೂ ಅದೇ. ಅಳಿಯ ವಿಜಯಪುರದಲ್ಲಿ ಮೇಷ್ಟ್ರಾಗಿದ್ದು ರಜೆ ಸಿಗುವುದಿಲ್ಲವೆಂದರೆ ಅವನಿಂದ ಮುಖತ್ಯಾರ ಪತ್ರ ತರಿಸಿ, ಅಂದರೆ ಅವನ ಪರವಾಗಿ ಇನ್ನೊಬ್ಬರು ಸಹಿ ಹಾಕಲು ಅಧಿಕಾರ ಕೊಡುವ ಪತ್ರ. ಮಗಳ ಮದುವೆ ಕರ್ನಾಟಕದಲ್ಲಾಗಿದ್ದರೆ ಆ ಮದುವೆಗೆ ಯಾವ ನಿಯಮ ಎನ್ನುವುದನ್ನೂ ವಕೀಲರು ನೋಡಬೇಕಾಗುತ್ತದೆ, ಪ್ರಮಾಣಪತ್ರ ಕೈಯಲ್ಲಿರಲಿ.

ಮುಖತ್ಯಾರ ಪತ್ರದ ಬಗ್ಗೆ ಇನ್ನೊಂದು. ‘ಅಪ್ಪ ಬದುಕಿದ್ದಾಗಲೇ ನನಗೆ ಜಿಪಿಎ ಕೊಟ್ಟಿದ್ದಾರೆ’ ಎಂದು ಬರುವವರಿದ್ದಾರೆ. ಕೊಟ್ಟವರು ತೀರಿಕೊಂಡ ದಿನವೇ ಅದರ ಜೀವವೂ ಹೋಯಿತು. ಬ್ಯಾಂಕಿನ ನಾಮಿನಿಯೂ ಮಾಲೀಕನಲ್ಲ, ಹಣ ಪಡೆದುಕೊಂಡು ವಾರಸುದಾರರಿಗೆ ಕೊಡಬೇಕಾದವನು ಅಷ್ಟೇ.

ಎಲ್ಲರೂ ಒಪ್ಪಿ ಇಂಥದ್ದು ಇಂಥವರಿಗೆ ಎಂದು ತೀರ್ಮಾನಿಸಿದ್ದರೆ ನೋಂದಾಯಿತ ಪಾಲುಪತ್ರ ಮಾಡಿಕೊಳ್ಳಬಹುದು.

ಹಂತ 6: ಕೋರ್ಟ್ ಬೇಕಾಗುವ ಸಂದರ್ಭ, ಇನ್ವೆಂಟರಿ

ವಾರಸುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ, ಬುದ್ಧಿ ಸ್ಥಿಮಿತ ಇಲ್ಲದವರಿದ್ದರೆ, ಎಲ್ಲಿದ್ದಾರೋ ಗೊತ್ತಿಲ್ಲದವರಿದ್ದರೆ, ಖಾಸಗಿ ಪಾಲುಪತ್ರದ ದಾರಿ ಹಿಡಿಯಬೇಡಿ. ಅದಕ್ಕೆ ಇನ್ವೆಂಟರಿ ಪ್ರೊಸೀಡಿಂಗ್ ಇದೆ. ಪೋರ್ಚುಗೀಸ್‌ನಲ್ಲಿ ಇನ್ವೆಂತಾರಿಯು. ಹೆಸರಿಗೆ ಕೋರ್ಟಾದರೂ ಇದು ದಾವೆಯಲ್ಲ. ವಾದಿ ಪ್ರತಿವಾದಿ ಅಂತ ಇರುವುದಿಲ್ಲ, ಎಲ್ಲರೂ ‘ಸಂಬಂಧಪಟ್ಟವರು’.

ನಡೆಯುವ ಕ್ರಮ ಹೀಗೆ. ಅರ್ಜಿ ಹಾಕಿದ ಮೇಲೆ ಕೋರ್ಟ್ ಒಬ್ಬರನ್ನು ಆಸ್ತಿಯ ಉಸ್ತುವಾರಿಗೆ ನೇಮಿಸುತ್ತದೆ. ಹಳಬರು ಇವರನ್ನು ಕಬೆಸಾ ದಿ ಕಜಾಲ್ ಅನ್ನುತ್ತಾರೆ, ಮನೆಯ ಯಜಮಾನ ಎಂದು ತಿಳಿಯಿರಿ. ಮೊದಲ ಅವಕಾಶ ಬದುಕಿರುವ ಗಂಡ ಅಥವಾ ಹೆಂಡತಿಗೆ, ಅಂದರೆ ನಿಮ್ಮ ಅಮ್ಮನಿಗೆ. ಅವರು ಪ್ರಮಾಣ ಮಾಡಿ ವಾರಸುದಾರರ ವಿವರ, ಆಸ್ತಿಪಟ್ಟಿ, ಸಾಲಪಟ್ಟಿ ಕೊಡುತ್ತಾರೆ. ಉಳಿದವರಿಗೆ ನೋಟಿಸ್ ಹೋಗುತ್ತದೆ. ಬೆಲೆ ಕಟ್ಟುವುದು ನಡೆಯುತ್ತದೆ. ಆಮೇಲೆ ಎಲ್ಲರ ಸಭೆ. ಅಲ್ಲಿ ಎಲ್ಲರೂ ಒಪ್ಪಿದರೆ ಒಪ್ಪಿದ ಹಾಗೆ ಹಂಚಿಕೆ. ಒಪ್ಪದಿದ್ದರೆ ಲಿಸಿಟೇಶನ್, ಅಂದರೆ ಸಂಬಂಧಪಟ್ಟವರ ನಡುವೆಯೇ ಹರಾಜು. ಜಾಸ್ತಿ ಕೂಗಿದವರು ಆಸ್ತಿ ತೆಗೆದುಕೊಂಡು ತಮ್ಮ ಪಾಲಿಗಿಂತ ಹೆಚ್ಚಾದ ಹಣವನ್ನು ಉಳಿದವರಿಗೆ ಕೊಡಬೇಕು. ಆ ಹಣವನ್ನು ಕಾಗದದಲ್ಲಿ ಓವೆಲ್ಟಿ ಎಂದು ಬರೆಯುತ್ತಾರೆ. ಕೊನೆಗೆ ಪಾಲಿನ ಪಟ್ಟಿ, ಕೋರ್ಟಿನ ಆದೇಶ.

ಜಗಳವಿಲ್ಲದ ಮನೆ ಮುರಿಯುವುದು ಈ ಹರಾಜಿನಲ್ಲಿ. ಕೈಯಲ್ಲಿ ದುಡ್ಡಿದ್ದವನು ಬೆಲೆ ಏರಿಸುತ್ತಾನೆ, ಅದೇ ಫ್ಲ್ಯಾಟಿನಲ್ಲಿ ವಾಸವಿರುವವನು ನೋಡುತ್ತಾ ನಿಲ್ಲಬೇಕು. ಆದ್ದರಿಂದ ಸಭೆಯ ದಿನಕ್ಕೆ ಮುಂಚೆಯೇ ಮನೆಯಲ್ಲಿ ಕೂತು ಯಾರಿಗೆ ಯಾವುದು, ಯಾರು ಯಾರಿಗೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂದು ಬರೆದುಕೊಂಡು ಹೋಗಿ. ಆಸ್ತಿ ಯಾರದ್ದು ಅನ್ನುವುದೇ ಗೊಂದಲವಾದರೆ ಆ ಭಾಗವನ್ನು ಬೇರೆ ದಾವೆಗೆ ಹೋಗಿ ಎಂದು ಕಳಿಸಬಹುದು, ಆಗ ಮಾತ್ರ ನಿಜವಾದ ಕೇಸು ಶುರು.

ಹಂತ 7: ಹೆಸರು ಬದಲಾವಣೆ

ಪತ್ರ ಅಥವಾ ಆದೇಶ ಕಪಾಟಿನಲ್ಲಿಟ್ಟರೆ ಕೆಲಸ ಮುಗಿಯಲಿಲ್ಲ. ಸೊಸೈಟಿ ಫ್ಲ್ಯಾಟಾದರೆ ಷೇರು ಸರ್ಟಿಫಿಕೇಟ್ ಮೇಲೆ ಹೆಸರು ಬದಲಾಯಿಸಿ. ಜಾಗ ಅಥವಾ ಸ್ವಂತ ಮನೆಯಾದರೆ ಸರ್ವೆ ದಾಖಲೆಯಲ್ಲಿ ಮ್ಯುಟೇಶನ್, ಅಂದರೆ ಹೆಸರು ಬದಲಾವಣೆ ಆಗಬೇಕು. ಹಳ್ಳಿ ಭಾಗದಲ್ಲಿ ಇದು ‘ಫಾರ್ಮ್ 1 ಮತ್ತು 14’, ನಮ್ಮ ಉತಾರದಂಥದ್ದು. ಪಟ್ಟಣದ ಸಿಟಿ ಸರ್ವೆಯಲ್ಲಿ ‘ಫಾರ್ಮ್ ಡಿ’. ಹಳ್ಳಿ ಭಾಗದವರು ಮಾಮಲೇದಾರರ ಕಚೇರಿಗೆ ಹೋಗಬೇಕು. ಹಳೆಯ ಕಾಗದದಲ್ಲಿ ‘ದಿಸ್ಕ್ರಿಸಾಂವ್’ ಮತ್ತು ‘ಮಾತ್ರಿಜ್’ ಎಂದು ನಂಬರ್ ಇದ್ದರೆ ಮೊದಲನೆಯದು ಪೋರ್ಚುಗೀಸ್ ಕಾಲದ ಭೂನೋಂದಣಿಯದು, ಎರಡನೆಯದು ಕಂದಾಯ ಪುಸ್ತಕದ್ದು. ಅವನ್ನು ಹೊಸ ಪತ್ರದಲ್ಲೂ ಹಾಗೇ ಇಳಿಸಬೇಕು, ಟೈಪಿಂಗಿನಲ್ಲಿ ಒಂದಂಕಿ ತಪ್ಪಿದರೂ ಮಾರುವಾಗ ಕೊಳ್ಳುವವರ ವಕೀಲರು ಹಿಡಿಯುತ್ತಾರೆ.

ವಾಸ್ಕೋ ಭಾಗದ ಬಾಯ್ನಾ, ಝುವಾರಿನಗರ ಕಡೆಯ ನಮ್ಮವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಮನೆಪಟ್ಟಿ ರಸೀದಿ, ಕರೆಂಟ್ ಬಿಲ್ಲು ಅಪ್ಪನ ಹೆಸರಲ್ಲಿದ್ದ ಮಾತ್ರಕ್ಕೆ ಜಾಗ ಅಪ್ಪನದಾಗುವುದಿಲ್ಲ. ಅಪ್ಪನಿಗೆ ಇಲ್ಲದ ಹಕ್ಕನ್ನು ವಾರಸು ಪತ್ರ ಹುಟ್ಟಿಸಿ ಕೊಡುವುದಿಲ್ಲ. ಅಂಥ ಮನೆಗೆ ಏಜೆಂಟ್ ಒಬ್ಬ ಬಂದು ‘ವಾರಸು ಪತ್ರ ಮಾಡಿಸಿ, ಮನೆ ಪಕ್ಕಾ ನಿಮ್ಮದಾಗುತ್ತದೆ’ ಎಂದು ಹಣ ಕೇಳಿದರೆ, ಮೊದಲು ಆ ಜಾಗದ ಸರ್ವೆ ದಾಖಲೆಯ ನಕಲು ತೆಗೆಸಿ ಅದರಲ್ಲಿ ಯಾರ ಹೆಸರಿದೆ ನೋಡಿ.